ವಾರದ ಓದಿಗೆ ಯಾವುದು ಸರಿ? ಪುಣೆಯಲ್ಲಿ ಮೂವರು ಓದಿ ನೋಡಿದ್ದು

ನಾನು ಪುಣೆಯ ಹಿಂಜವಡಿಯಲ್ಲಿ ಒಂದು ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಡೆವಲಪರ್‌ಗಳೂ ಇದ್ದಾರೆ, ಟೆಸ್ಟರ್‌ಗಳೂ ಇದ್ದಾರೆ. ಹಾಗಾಗಿ ನನಗೆ ಮೂರು ಬಗೆಯ ಓದು ಬೇಕಾಗುತ್ತದೆ. ಕೋಡ್ ಬರೆಯುವ ಬಗ್ಗೆ, ಟೆಸ್ಟ್ ಮಾಡುವ ಬಗ್ಗೆ, ಜನರನ್ನು ಜೊತೆಗೆ ಕರೆದುಕೊಂಡು ಹೋಗುವ ಬಗ್ಗೆ. ಮೂರಕ್ಕೂ ವಾರವಾರ ಬರುವ ನ್ಯೂಸ್‌ಲೆಟರ್‌ಗಳು ಬೇಕಾದಷ್ಟಿವೆ. ಶುಕ್ರವಾರ ಸಂಜೆ ಇನ್‌ಬಾಕ್ಸ್ ತೆರೆದರೆ ಒಂದರ ಹಿಂದೆ ಒಂದು ಬಂದು ಕೂತಿರುತ್ತವೆ. ಎಲ್ಲವನ್ನೂ ಓದುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಒಮ್ಮೆ ಸರಿಯಾಗಿ ನೋಡಿಬಿಡೋಣ ಅನ್ನಿಸಿತು.

ಒಬ್ಬಳೇ ನೋಡಲಿಲ್ಲ. ಖರಾಡಿಯಲ್ಲಿ ಟೆಸ್ಟರ್ ಆಗಿರುವ ಧಾರವಾಡದ ಹುಡುಗಿ ಮತ್ತು ಮಗರಪಟ್ಟಾದಲ್ಲಿ ಬ್ಯಾಕೆಂಡ್ ಕೋಡ್ ಬರೆಯುವ ಕಲಬುರಗಿಯ ಗೆಳೆಯ, ಇಬ್ಬರೂ ಜೊತೆ ಸೇರಿದರು. ನಮ್ಮ ಪರಿಚಯ ಆಗಿದ್ದು ಇಲ್ಲಿನ ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ. ವಾರವೆಲ್ಲ ಅವರವರ ಪಾಡಿಗೆ ಓದುವುದು, ಶನಿವಾರ ಬೆಳಿಗ್ಗೆ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಕೂತು ಮಾತಾಡುವುದು. ಓದುವುದೆಲ್ಲ ಇಂಗ್ಲಿಷ್, ಮಾತೆಲ್ಲ ಕನ್ನಡ. ಎದುರಿಗಿರುವವರಿಗೆ ಬಿಡಿಸಿ ಹೇಳಬೇಕು ಅಂದಾಗ ಯಾವ ಲೇಖನದಲ್ಲಿ ಹುರುಳಿದೆ, ಯಾವುದು ಬರೀ ಸದ್ದು ಅನ್ನೋದು ಬೇಗ ಗೊತ್ತಾಗುತ್ತದೆ.

ಅಳತೆ ಒಂದೇ ಇಟ್ಟುಕೊಂಡೆವು. ಓದಿದ್ದು ಮುಂದಿನ ವಾರದ ಕೆಲಸದಲ್ಲಿ ಎಲ್ಲಾದರೂ ಕಾಣಿಸಿತಾ? ಕೋಡ್ ಸರಿ ಇದೆಯಾ ಅಂತ ನೋಡುವ ಒಂದು ಟೆಸ್ಟ್ ಬೇರೆ ರೀತಿ ಬರೆದೆವಾ, ಇನ್ನೊಬ್ಬರ ಕೋಡ್ ಸೇರಿಸುವ ಮುಂಚೆ ನೋಡುವ ಪಿಆರ್‌ನಲ್ಲಿ ಬೇರೆ ಪ್ರಶ್ನೆ ಕೇಳಿದೆವಾ, ಟೀಮಿನ ಒಬ್ಬರ ಜೊತೆ ಮಾತಾಡುವ ರೀತಿ ಬದಲಾಯಿತಾ? ಓದುವಾಗ ಖುಷಿ ಆಯಿತು ಅನ್ನೋದಕ್ಕೆ ಅಂಕ ಇಲ್ಲ. ಲಿಂಕ್ ಎಷ್ಟಿವೆ ಅನ್ನೋದಕ್ಕೂ ಇಲ್ಲ. ಹೀಗೆ ಅಳೆದಾಗ ಹೆಸರುವಾಸಿಯಾದ ಕೆಲವು ಕೆಳಗೆ ಹೋದವು. ಹತ್ತು ವರ್ಷಕ್ಕಿಂತ ಹಳೆಯದಾದ ಒಂದೆರಡು ಪುಟಗಳು ಮೇಲೆ ಬಂದವು.

ಮೊದಲು ಪಟ್ಟಿಯಿಂದ ಹೊರಗೆ ಹೋಗಿದ್ದು ದಿನವೂ ಬರುವ ಪತ್ರಗಳು. ಡ್ಯಾನ್ ನಿ 2018ರಲ್ಲಿ ಶುರುಮಾಡಿದ ಟಿಎಲ್‌ಡಿಆರ್ ಇವುಗಳಲ್ಲಿ ಹೆಸರುವಾಸಿ. ಸುದ್ದಿಯನ್ನು ಮೂರ್ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಸುದ್ದಿ ತಿಳಿಯಲು ಚೆನ್ನಾಗಿದೆ, ಆದರೆ ಕಲಿಯಲು ಮೂರ್ನಾಲ್ಕು ಸಾಲು ಸಾಲದು. ಆಮೇಲೆ ಹ್ಯಾಕರ್ ನ್ಯೂಸ್‌ಲೆಟರ್. ಕೇಲ್ ಡೇವಿಸ್ ಅವರು 2010ರಿಂದ ನಡೆಸುತ್ತಿರುವ ವಾರಪತ್ರ ಇದು. ಓದುಗರೇ ಲಿಂಕ್ ಹಾಕಿ ಓಟು ಕೊಡುವ ಹ್ಯಾಕರ್ ನ್ಯೂಸ್ ಎಂಬ ಸೈಟಿನಲ್ಲಿ ಆ ವಾರ ಬಂದಿದ್ದರಲ್ಲಿ ಒಳ್ಳೆಯದನ್ನು ಆರಿಸಿ ಕಳಿಸುತ್ತಾರೆ. ಆರಿಸುವ ಕಣ್ಣು ನಿಜಕ್ಕೂ ಚೆನ್ನಾಗಿದೆ. ಡೇಟಾಬೇಸ್ ಒಳಗೆ ಏನು ನಡೆಯುತ್ತದೆ ಅನ್ನೋದರಿಂದ ಹಿಡಿದು ಹಳೆ ಕಂಪ್ಯೂಟರ್ ರಿಪೇರಿ ತನಕ ಎಲ್ಲ ಬರುತ್ತದೆ. ಕಲಬುರಗಿಯ ಗೆಳೆಯನಿಗೆ ಇದೇ ಇಷ್ಟ, ಅವನು ಇಟ್ಟುಕೊಂಡಿದ್ದಾನೆ. ನಾನು ಬಿಟ್ಟೆ. ಕುತೂಹಲ ತಣಿಯುತ್ತದೆ, ಆದರೆ ನನ್ನ ಟೀಮಿನ ಕೆಲಸಕ್ಕೆ ಬರುವುದು ಅಪರೂಪ.

ಇನ್ನು ಟೀಮ್ ನಡೆಸುವವರ ಓದು. ಇಲ್ಲಿ ನನ್ನ ಆಯ್ಕೆ ಸಾಫ್ಟ್‌ವೇರ್ ಲೀಡ್ ವೀಕ್ಲಿ. ಓರೆನ್ ಎಲೆನ್‌ಬೋಗೆನ್ ಎಂಬವರು ಪ್ರತಿ ಶುಕ್ರವಾರ ಕಳಿಸುತ್ತಾರೆ. ದುಡ್ಡು ಕೊಡಬೇಕಿಲ್ಲ. ಜನ, ಟೀಮಿನ ವಾತಾವರಣ, ಮುಂದಾಳತ್ವ ಇಷ್ಟರ ಸುತ್ತಲೇ ಇರುತ್ತದೆ. ಲಿಂಕ್ ಸುಮ್ನೆ ಎಸೆಯುವುದಿಲ್ಲ. ಇದನ್ನು ಯಾಕೆ ಓದಬೇಕು, ಓದಿ ಟೀಮಿನಲ್ಲಿ ಏನು ಕೇಳಿ ನೋಡಬಹುದು ಅಂತ ತಮ್ಮ ಒಂದೆರಡು ಮಾತು ಸೇರಿಸುತ್ತಾರೆ. ಆ ಒಂದೆರಡು ಮಾತೇ ನನಗೆ ಮುಖ್ಯ. ಎಲ್ಲ ಲಿಂಕ್ ತೆರೆಯದಿದ್ದರೂ ಅದನ್ನು ಓದಿದರೆ ಯಾವುದು ನನಗೆ ಬೇಕು ಅಂತ ತಿಳಿಯುತ್ತದೆ. ಒಬ್ಬರೇ ಆರಿಸುವ ಪತ್ರಕ್ಕೂ ಓಟು ಎಣಿಸಿ ಆರಿಸುವ ಪತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಒಬ್ಬರ ರುಚಿ ಒಮ್ಮೆ ಪರಿಚಯ ಆಯಿತು ಅಂದರೆ ಅವರ ಮಾತಿನ ಮೇಲೆ ನಂಬಿಕೆ ಇಡಬಹುದು.

ಇಂಥ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಲೇಖನದ ಬಗ್ಗೆ ಹೇಳಲೇಬೇಕು. ಚಾರಿಟಿ ಮೇಜರ್ಸ್ ಎಂಬ ಎಂಜಿನಿಯರ್ 2017ರಲ್ಲಿ ಬರೆದದ್ದು. ಎಂಜಿನಿಯರ್ ಕೆಲಸಕ್ಕೂ ಮ್ಯಾನೇಜರ್ ಕೆಲಸಕ್ಕೂ ನಡುವೆ ಗಡಿಯಾರದ ಲೋಲಕ ಓಡಾಡಿದ ಹಾಗೆ ಓಡಾಡಬೇಕು ಅನ್ನುತ್ತಾರೆ. ಕೆಳಹಂತದ ಒಳ್ಳೆಯ ಮ್ಯಾನೇಜರ್‌ಗಳು ಕೈಯಾರೆ ಕೆಲಸ ಮಾಡುವುದನ್ನು ಬಿಟ್ಟು ಎರಡು ಮೂರು ವರ್ಷಕ್ಕಿಂತ ಜಾಸ್ತಿ ಆಗಿರುವುದಿಲ್ಲ, ಒಳ್ಳೆಯ ಎಂಜಿನಿಯರ್‌ಗಳಲ್ಲಿ ಎಷ್ಟೋ ಜನ ಒಮ್ಮೆ ಟೀಮ್ ನಡೆಸಿ ಬಂದವರು, ಇದು ಅವರ ವಾದ. ಮ್ಯಾನೇಜ್‌ಮೆಂಟ್ ಅನ್ನೋದು ಬಡ್ತಿ ಅಲ್ಲ, ಬೇರೆಯೇ ಒಂದು ಕಸುಬು ಅಂತ ಬಿಡಿಸಿ ಹೇಳುತ್ತಾರೆ.

ಶನಿವಾರ ಇದರ ಮೇಲೆ ಜೋರು ಚರ್ಚೆ ಆಯಿತು. "ಬರಿಯಾಕ ಚಂದ ಐತ್ರಿ. ಮ್ಯಾನೇಜರ್ ಆಗಿ ಮತ್ತ ಕೋಡ್ ಬರಿಯಾಕ ಕುಂತ್ರ ಊರಾಗ ಏನಂತಾರ ಗೊತ್ತೇನ್ರಿ? ಕೆಲಸದಾಗ ಇಳಿಸ್ಯಾರ ಅಂತಾರ" ಅಂದ ಗೆಳೆಯ. ಮಾತು ನಿಜ. ನಮ್ಮಲ್ಲಿ ಮದುವೆ ಮಾತುಕತೆಯಲ್ಲೂ ಕೈಕೆಳಗೆ ಎಷ್ಟು ಜನ ಇದ್ದಾರೆ ಅಂತ ಕೇಳುತ್ತಾರೆ. ಆದರೂ ಆ ಲೇಖನ ನನ್ನ ಕೆಲಸದಲ್ಲಿ ಕಾಣಿಸಿತು. ನನ್ನ ಟೀಮಿನಲ್ಲಿ ಒಬ್ಬರಿಗೆ ಲೀಡ್ ಆಗುವ ಸರದಿ ಬಂದಿತ್ತು, ಅವರಿಗೆ ಮನಸ್ಸಿರಲಿಲ್ಲ. ಅಪ್ರೈಸಲ್ ಮಾತುಕತೆಯಲ್ಲಿ ಈ ಲೇಖನವನ್ನು ಇಬ್ಬರೂ ಓದಿಕೊಂಡು ಬಂದು ಕೂತೆವು. ಒಂದಷ್ಟು ಕಾಲ ನಡೆಸಿ ನೋಡಿ, ಬೇಡ ಅನ್ನಿಸಿದರೆ ವಾಪಸ್ ಕೋಡ್‌ಗೆ ಬನ್ನಿ, ಅದಕ್ಕೆ ನಾನಿದ್ದೇನೆ ಅಂದೆ. ಆ ಮಾತು ಹೇಳಲು ಧೈರ್ಯ ಬಂದಿದ್ದು ಈ ಓದಿನಿಂದ. ಅವರು ಒಪ್ಪಿಕೊಂಡರು, ಈಗ ಚೆನ್ನಾಗಿಯೇ ನಡೆಸುತ್ತಿದ್ದಾರೆ.

ಇದಕ್ಕೆ ಎದುರಾಗಿ ನಿಲ್ಲುವುದು ದಿ ಪ್ರಾಗ್ಮ್ಯಾಟಿಕ್ ಎಂಜಿನಿಯರ್. ಊಬರ್‌ನಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್ ಆಗಿದ್ದ ಗರ್ಗೆಲಿ ಒರೋಸ್ 2021ರಲ್ಲಿ ಶುರುಮಾಡಿದ್ದು. ಇದು ಲಿಂಕ್‌ಗಳ ಪಟ್ಟಿ ಅಲ್ಲ. ಒಂದೇ ವಿಷಯ ಹಿಡಿದು ಉದ್ದಕ್ಕೆ ಬರೆಯುತ್ತಾರೆ. ಮಂಗಳವಾರ ಒಂದು ಆಳವಾದ ಬರಹ, ಗುರುವಾರ ಉದ್ಯಮದಲ್ಲಿ ಏನು ನಡೆಯುತ್ತಿದೆ ಅನ್ನೋ ಬರಹ. ಪೂರ್ತಿ ಓದಲು ತಿಂಗಳಿಗೆ 15 ಡಾಲರ್, ವರ್ಷಕ್ಕಾದರೆ 150 ಡಾಲರ್. ನಮ್ಮ ದುಡ್ಡಿನಲ್ಲಿ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಕಂಪನಿಯ ಟ್ರೈನಿಂಗ್ ಬಜೆಟ್‌ನಿಂದ ಕೊಡಿಸಿದರೆ ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಕೈಯಿಂದ ಕೊಡುವುದಾದರೆ ಯೋಚಿಸಬೇಕು. ಸಾಕಷ್ಟು ಬರಹಗಳು ದೊಡ್ಡ ಪ್ರಾಡಕ್ಟ್ ಕಂಪನಿಗಳ ಒಳಗಿನ ಕತೆ. ಕ್ಲೈಂಟ್ ಹೇಳಿದ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಯಲ್ಲಿ ಇರುವವರಿಗೆ ಅರ್ಧದಷ್ಟು ದೂರದ ಊರಿನ ಸುದ್ದಿಯ ಹಾಗೆ ಕಾಣಬಹುದು.

ಆದರೆ ಒಂದು ಬರಹ ಮಾತ್ರ ಎಲ್ಲ ಲೀಡ್‌ಗಳೂ ಓದಬೇಕಾದ್ದು. 2023ರ ಆಗಸ್ಟ್‌ನಲ್ಲಿ ಮೆಕಿನ್ಸಿ ಎಂಬ ಕನ್ಸಲ್ಟಿಂಗ್ ಸಂಸ್ಥೆಯವರು ಡೆವಲಪರ್‌ಗಳ ಉತ್ಪಾದಕತೆಯನ್ನು ಅಳೆಯಬಹುದು ಅಂತ ಒಂದು ಲೇಖನ ಹಾಕಿದರು. ಅದಕ್ಕೆ ಒರೋಸ್ ಮತ್ತು ಹೆಸರಾಂತ ಪ್ರೋಗ್ರಾಮರ್ ಕೆಂಟ್ ಬೆಕ್ ಸೇರಿ ಎರಡು ಕಂತಿನಲ್ಲಿ ಉತ್ತರ ಕೊಟ್ಟರು. ಅವರು ಕೆಲಸವನ್ನು ನಾಲ್ಕು ಹಂತವಾಗಿ ನೋಡುತ್ತಾರೆ. ಮೊದಲು ಶ್ರಮ. ಶ್ರಮದಿಂದ ಹೊರಬರುವ ಕೋಡ್, ಡಿಸೈನ್. ಅದರಿಂದ ಗ್ರಾಹಕರ ನಡೆಯಲ್ಲಿ ಆಗುವ ಬದಲಾವಣೆ. ಕೊನೆಗೆ ಕಂಪನಿಗೆ ಆಗುವ ಲಾಭ. ಮೊದಲಿನ ಎರಡನ್ನು ಅಳೆಯುವುದು ಸುಲಭ. ಆದರೆ ಅಳೆಯಲು ಶುರುಮಾಡಿದ ಕೂಡಲೇ ಜನ ಆ ಅಳತೆಗೆ ತಕ್ಕಂತೆ ಕೆಲಸ ಮಾಡಲು ಶುರುಮಾಡುತ್ತಾರೆ.

ಟೈಮ್‌ಶೀಟ್ ತುಂಬಿಸುವ ನಮ್ಮ ಊರಿನ ಕಚೇರಿಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೆಸ್ಟರ್ ಎಷ್ಟು ಬಗ್, ಅಂದರೆ ಕೋಡ್‌ನ ತಪ್ಪು, ಹುಡುಕಿ ಬರೆದರು ಅಂತ ಎಣಿಸಿದರೆ ಒಂದೇ ಬಗ್ ಮೂರು ದೂರಿನ ಟಿಕೆಟ್ ಆಗುತ್ತದೆ. ಡೆವಲಪರ್ ಮೇಲೆ ಎಷ್ಟು ಬಗ್ ಬಂತು ಅಂತ ಎಣಿಸಿದರೆ ಇಡೀ ಮಧ್ಯಾಹ್ನ ಇದು ಬಗ್ಗೋ ಅಲ್ವೋ ಅನ್ನೋ ಜಗಳದಲ್ಲೇ ಹೋಗುತ್ತದೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಆ ಬರಹ ಓದಿದ ಮೇಲೆ ನಮ್ಮ ತಿಂಗಳ ವರದಿಯಿಂದ ತಲಾ ಬಗ್ ಎಣಿಕೆಯನ್ನು ತೆಗೆಸಿದೆ. ಬದಲಿಗೆ ರಿಲೀಸ್ ಆದ ಮೇಲೆ ಗ್ರಾಹಕರಿಗೆ ಕಂಡ ತೊಂದರೆಗಳನ್ನು ಇಡೀ ಟೀಮಿನ ಲೆಕ್ಕದಲ್ಲಿ ಬರೆಯುತ್ತೇವೆ. ಟೆಸ್ಟರ್ ಮತ್ತು ಡೆವಲಪರ್ ನಡುವಿನ ಮಾತಿನ ಧಾಟಿಯೇ ಬದಲಾಯಿತು. ಹಾಗಾಗಿ ಒಂದೇ ಬರಹದ ಲೆಕ್ಕ ಹಿಡಿದರೆ ಪ್ರಾಗ್ಮ್ಯಾಟಿಕ್ ಎಂಜಿನಿಯರ್ ಮುಂದೆ. ವಾರವಾರದ ಲೆಕ್ಕ ಹಿಡಿದರೆ ಸಾಫ್ಟ್‌ವೇರ್ ಲೀಡ್ ವೀಕ್ಲಿ ಮುಂದೆ. ನನಗೆ ಒಂದನ್ನೇ ಇಟ್ಟುಕೋ ಅಂದರೆ ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ.

ಟೆಸ್ಟಿಂಗ್ ಓದಿನ ಹೋಲಿಕೆ ಇದಕ್ಕಿಂತ ಸ್ವಾರಸ್ಯವಾಗಿತ್ತು.

ಒಂದು ಕಡೆ ಸಾಫ್ಟ್‌ವೇರ್ ಟೆಸ್ಟಿಂಗ್ ವೀಕ್ಲಿ. ಡೇವಿಡ್ ಡೈಲೊವಿಚ್ ಎಂಬ ಟೆಸ್ಟರ್ ಆರಿಸಿ ಕಳಿಸುವ ವಾರಪತ್ರ. ಟೆಸ್ಟಿಂಗ್ ಜಗತ್ತಿನಲ್ಲಿ ಆ ವಾರ ಯಾರು ಏನು ಬರೆದರು, ಆಟೊಮೇಷನ್‌ನಲ್ಲಿ ಏನು ಹೊಸದು, ಯಾವ ಟೂಲ್ ಬಂತು, ಎಲ್ಲ ಒಂದೇ ಕಡೆ ಸಿಗುತ್ತದೆ. ಇನ್ನೊಂದು ಕಡೆ ಟೆಸ್ಟಿಂಗ್ ಬಗ್ಗೆ ಗೂಗಲ್‌ನವರ ಒಂದೊಂದು ಪುಟದ ಬರಹಗಳು. 2006ರಲ್ಲಿ ಗೂಗಲ್ ಎಂಜಿನಿಯರ್‌ಗಳು ಟೆಸ್ಟಿಂಗ್ ಪಾಠವನ್ನು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಟಾಯ್ಲೆಟ್ ಗೋಡೆಗೆ ಅಂಟಿಸಲು ಶುರುಮಾಡಿದರು. ಟೆಸ್ಟಿಂಗ್ ಆನ್ ದಿ ಟಾಯ್ಲೆಟ್ ಅಂತಲೇ ಅದಕ್ಕೆ ಹೆಸರಿಟ್ಟರು. 2007ರಿಂದ ಹೊರಗಿನವರಿಗೂ ಓದಲು ಸಿಗುತ್ತಿವೆ. ಹೊಸದು ಬರುವುದನ್ನೇ ಕಾಯಬೇಕಿಲ್ಲ. ವಾರಕ್ಕೊಂದು ಹಳೆಯದನ್ನು ತೆಗೆದು ಓದಿದರೆ ಬಹಳ ಕಾಲ ಸಾಕಾಗುವಷ್ಟಿದೆ.

ಧಾರವಾಡದ ಹುಡುಗಿ ಮೊದಲು ಟೆಸ್ಟಿಂಗ್ ವೀಕ್ಲಿಯ ಕಡೆಗಿದ್ದಳು. ಅವಳ ಟೀಮ್ ಆಗ ಟೆಸ್ಟ್ ತಾನಾಗಿ ಓಡಿಸುವ ಟೂಲ್‌ಗಳಲ್ಲಿ ಸೆಲೆನಿಯಮ್‌ನಿಂದ ಪ್ಲೇರೈಟ್‌ಗೆ ಹೋಗುವ ತಯಾರಿಯಲ್ಲಿತ್ತು. ಬೇರೆಯವರು ಹೇಗೆ ಮಾಡಿದರು ಅನ್ನೋ ಬರಹಗಳು ಆ ಪತ್ರದಿಂದ ಅವಳಿಗೆ ಸಿಕ್ಕವು. ಟೂಲ್ ಬದಲಾಯಿಸುವ ಹೊತ್ತಿನಲ್ಲಿ ಅದಕ್ಕೆ ಸಮನಾದದ್ದಿಲ್ಲ. ಆಮೇಲೆ ಒಂದು ಶನಿವಾರ ಗೂಗಲ್‌ನ 2014ರ ಒಂದು ಪುಟ ಓದಿದೆವು. ಟೆಸ್ಟ್ ಒಳಗೆ ಲಾಜಿಕ್ ಹಾಕಬೇಡಿ ಅನ್ನೋದು ಅದರ ವಿಷಯ.

ಅದರಲ್ಲಿರುವ ಉದಾಹರಣೆ ಇಷ್ಟೇ. ಒಂದು ಟೆಸ್ಟ್ ಇದೆ. ಮೇಲೆ ಒಂದು ಸಾಲಿನಲ್ಲಿ ಸೈಟಿನ ವಿಳಾಸ ಇಟ್ಟುಕೊಂಡಿದ್ದಾರೆ, ಅದರ ಕೊನೆಯಲ್ಲಿ ಒಂದು ಸ್ಲ್ಯಾಶ್ ಇದೆ. ಕೆಳಗೆ ಆ ವಿಳಾಸಕ್ಕೆ ಫೋಟೊ ಪುಟದ ದಾರಿಯನ್ನು ಕೂಡಿಸಿದ್ದಾರೆ, ಅದು ಶುರುವಾಗುವುದೂ ಸ್ಲ್ಯಾಶ್‌ನಿಂದಲೇ. ಕೂಡಿದಾಗ ನಡುವೆ ಎರಡು ಸ್ಲ್ಯಾಶ್ ಬರುತ್ತವೆ. ಗ್ರಾಹಕರು ಬಳಸುವ ಪ್ರೊಡಕ್ಷನ್ ಕೋಡ್‌ನಲ್ಲೂ ಇದೇ ತಪ್ಪು ಇದ್ದರೆ ಟೆಸ್ಟ್ ಖುಷಿಯಾಗಿ ಪಾಸ್ ಆಗುತ್ತದೆ. ಕೂಡಿಸುವುದನ್ನು ಬಿಟ್ಟು ಪೂರ್ತಿ ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆದು ನೋಡಿ. ಎರಡು ಸ್ಲ್ಯಾಶ್ ಕಣ್ಣಿಗೆ ಹೊಡೆಯುತ್ತದೆ. ಒಂದು ಪ್ಲಸ್ ಚಿಹ್ನೆಯ ಹಿಂದೆ ಬಗ್ ಅವಿತುಕೊಂಡಿತ್ತು ಅಂತ ಆಗ ತಿಳಿಯುತ್ತದೆ.

ಓದಿ ಮುಗಿಸಲು ಐದು ನಿಮಿಷ ಬೇಕಾಗಲಿಲ್ಲ. "ಅಕ್ಕಾರ, ಇದನ್ನ ನಮ್ಮ ಹುಡುಗುರ ಮುಂದ ಗ್ವಾಡಿಗೆ ಹಚ್ಚಬೇಕ್ರಿ" ಅಂದಳು. ಹಚ್ಚಿಯೂ ಹಚ್ಚಿದಳು. ಖರಾಡಿಯ ಅವರ ಆಫೀಸಿನ ವಾಟರ್ ಕೂಲರ್ ಮೇಲೆ ಈಗ ವಾರಕ್ಕೊಂದು ಹಾಳೆ ಬದಲಾಗುತ್ತದೆ. ನೀರು ಹಿಡಿಯಲು ಬಂದವರು ನಿಂತು ಓದುತ್ತಾರೆ. ಟೆಸ್ಟಿಂಗ್ ಅಂದರೆ ತಮ್ಮ ಕೆಲಸವಲ್ಲ ಅಂದುಕೊಂಡಿದ್ದ ಡೆವಲಪರ್‌ಗಳೂ ಓದುತ್ತಾರಂತೆ. ಟೆಸ್ಟರ್‌ಗಳ ನ್ಯೂಸ್‌ಲೆಟರ್ ಟೆಸ್ಟರ್‌ಗಳ ಇನ್‌ಬಾಕ್ಸ್ ದಾಟುವುದು ಕಷ್ಟ. ಒಂದು ಹಾಳೆ ದಾಟುತ್ತದೆ. ಈ ಹೋಲಿಕೆಯಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಇದು.

ಉದ್ದನೆಯ ಬರಹಗಳಲ್ಲೂ ಗೂಗಲ್‌ನವರದ್ದು ಕೆಲವು ಗಟ್ಟಿ ಇವೆ. 2016ರಲ್ಲಿ ಅವರು ಫ್ಲೇಕಿ ಟೆಸ್ಟ್‌ಗಳ ಬಗ್ಗೆ ಬರೆದರು. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳಿವು. ಗೂಗಲ್‌ನಲ್ಲಿ ಸುಮಾರು ಶೇ. 16ರಷ್ಟು ಟೆಸ್ಟ್‌ಗಳಲ್ಲಿ ಒಂದಿಷ್ಟಾದರೂ ಈ ಗುಣ ಇತ್ತು ಅಂತ ಅದರಲ್ಲಿದೆ. ಓಡಿಸಿದ ಎಲ್ಲ ಟೆಸ್ಟ್‌ಗಳಲ್ಲಿ ಸುಮಾರು ಶೇ. 1.5ರ ಫಲಿತಾಂಶ ಹೀಗೆ ಅಡ್ಡಾದಿಡ್ಡಿ. ಈ ಸಂಖ್ಯೆ ಓದಿದಾಗ ನಮ್ಮ ಟೀಮಿನವರಿಗೆ ಒಂದು ಬಗೆಯ ಸಮಾಧಾನ ಆಯಿತು. ಆದರೆ ಸಮಾಧಾನದಿಂದ ಬಿಲ್ಡ್ ಹಸಿರಾಗುವುದಿಲ್ಲ. ಬಿಲ್ಡ್ ಅಂದರೆ ಕೋಡ್ ಕಟ್ಟಿ ಎಲ್ಲ ಟೆಸ್ಟ್ ಓಡಿಸುವುದು, ಎಲ್ಲ ಪಾಸ್ ಆದರೆ ಹಸಿರು, ಫೇಲ್ ಆದರೆ ಕೆಂಪು. ಬಿಲ್ಡ್ ಹಸಿರು ಮಾಡಿದ್ದು ಅದಕ್ಕಿಂತ ಹಳೆಯ ಇನ್ನೊಂದು ಬರಹ.

ಅದು ಮಾರ್ಟಿನ್ ಫೌಲರ್ 2011ರಲ್ಲಿ ಬರೆದದ್ದು. ಅವರು ಥಾಟ್‌ವರ್ಕ್ಸ್‌ನವರು, ಆ ಕಂಪನಿಯ ಆಫೀಸ್ ನಮ್ಮ ಪುಣೆಯಲ್ಲೂ ಇದೆ. ಟೆಸ್ಟ್‌ಗಳು ಒಮ್ಮೊಮ್ಮೆ ಒಂದೊಂದು ಫಲಿತಾಂಶ ಕೊಡುವುದು ಯಾಕೆ, ಅದನ್ನು ಬೇರು ಸಮೇತ ಕೀಳುವುದು ಹೇಗೆ ಅನ್ನೋದು ವಿಷಯ. ಕಾರಣಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಇನ್ನೊಂದಕ್ಕೆ ತಾಗುವುದು. ಉತ್ತರ ಬರುವ ಮೊದಲೇ ನೋಡಿಬಿಡುವುದು. ಬೇರೆಯವರ ಸರ್ವರ್ ಕೈಕೊಡುವುದು. ಗಡಿಯಾರ. ತೆರೆದ ಕನೆಕ್ಷನ್ ಮುಚ್ಚದೆ ಸೋರಿಹೋಗುವುದು. ಕೆಟ್ಟ ಟೆಸ್ಟ್‌ಗಳನ್ನು ಮೊದಲು ಪಕ್ಕಕ್ಕೆ ಇಡಿ, ಆದರೆ ಅಲ್ಲೇ ಕೊಳೆಯಲು ಬಿಡಬೇಡಿ, ಎಷ್ಟು ಇಡಬಹುದು ಅನ್ನೋದಕ್ಕೊಂದು ಮಿತಿ ಹಾಕಿಕೊಳ್ಳಿ ಅನ್ನುತ್ತಾರೆ. ಕಾಯಬೇಕು ಅಂತ, ಇಷ್ಟು ಹೊತ್ತು ನಿಲ್ಲು ಅನ್ನೋ ಸ್ಲೀಪ್ ಅನ್ನು ಸುಮ್ನೆ ಹಾಕಲೇಬೇಡಿ ಅನ್ನೋದನ್ನು ಒತ್ತಿ ಹೇಳುತ್ತಾರೆ.

ಇದನ್ನು ಟೀಮಿನ ಜೊತೆ ಓದುವಾಗ ಗಡಿಯಾರದ ಭಾಗ ಬಂತು. ನಮ್ಮಲ್ಲಿ ಒಂದು ಟೆಸ್ಟ್ ಇತ್ತು. ಆರ್ಡರ್ ಹಾಕಿದ ದಿನದ ತಾರೀಖೇ ಬಿಲ್ಲಿನ ಮೇಲೆ ಬರಬೇಕು ಅಂತ ನೋಡುವ ಟೆಸ್ಟ್. ರಾತ್ರಿ 2 ಗಂಟೆಯ ಬಿಲ್ಡ್‌ನಲ್ಲಿ ಕೆಂಪು. ಬೆಳಿಗ್ಗೆ 10ಕ್ಕೆ ಬಂದು ರೀರನ್ ಒತ್ತಿದರೆ ಹಸಿರು. ಫ್ಲೇಕಿ ಅಂತ ಹೆಸರಿಟ್ಟು ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು. ಫೌಲರ್ ಹೇಳುವುದು ಸರಳ. ಸಿಸ್ಟಮ್ ಗಡಿಯಾರವನ್ನು ಕೋಡ್ ಒಳಗಿಂದ ನೇರವಾಗಿ ಕೇಳಬೇಡಿ. ನಡುವೆ ನಿಮ್ಮದೇ ಒಂದು ಹೊದಿಕೆ ಇಡಿ. ಟೆಸ್ಟ್‌ನಲ್ಲಿ ಬೇಕಾದ ಹೊತ್ತಿಗೆ ಅದನ್ನು ನಿಲ್ಲಿಸಬಹುದು.

ಹಾಗೆ ಮಾಡಿ, ಗಡಿಯಾರವನ್ನು ರಾತ್ರಿ ಒಂದೂವರೆಗೆ ನಿಲ್ಲಿಸಿ ಓಡಿಸಿದೆವು. ಪ್ರತಿ ಸಲವೂ ಫೇಲ್. ಕಾರಣ ಆಗ ಗೊತ್ತಾಯಿತು. ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿತ್ತು, ಟೆಸ್ಟ್ ಭಾರತದ ಸಮಯದಲ್ಲಿತ್ತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ಅಲ್ಲಿ ಇನ್ನೂ ನಿನ್ನೆಯೇ. ಅಷ್ಟು ಹೊತ್ತು ಆ ಟೆಸ್ಟ್ ಫೇಲ್ ಆಗಲೇಬೇಕು. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ ಟೆಸ್ಟ್ ಹೇಳುತ್ತಿದ್ದುದು ನಿಜ. ನಡುರಾತ್ರಿ ದಾಟಿ ಆರ್ಡರ್ ಹಾಕಿದ ಗ್ರಾಹಕರ ಬಿಲ್ಲಿನಲ್ಲಿ ಹಿಂದಿನ ದಿನದ ತಾರೀಖು ಬೀಳುತ್ತಿತ್ತು. ತಿಂಗಳ ಕೊನೆಯ ರಾತ್ರಿ ಆದರೆ ಬಿಲ್ಲು ಹಿಂದಿನ ತಿಂಗಳಿಗೇ ಹೋಗುತ್ತಿತ್ತು. ಇಡೀ ಟೀಮ್ ಬೈಯುತ್ತಿದ್ದ ಟೆಸ್ಟ್ ಅಷ್ಟೂ ದಿನ ನಮಗೆ ಒಂದು ನಿಜವಾದ ಬಗ್ ತೋರಿಸುತ್ತಿತ್ತು. ಅವತ್ತಿನಿಂದ ನಮ್ಮಲ್ಲಿ ಕಾರಣ ಬರೆಯದೆ ರೀರನ್ ಒತ್ತುವಂತಿಲ್ಲ. ಈ ನಿಯಮ ತಂದದ್ದು ನಾನಲ್ಲ, ಟೀಮಿನ ಎಲ್ಲರಿಗಿಂತ ಕಿರಿಯ ಟೆಸ್ಟರ್.

ಅದಕ್ಕೇ ಟೆಸ್ಟಿಂಗ್ ವಿಷಯದಲ್ಲಿ ನನ್ನ ತೀರ್ಮಾನ ಖಚಿತ. ಹೊಸ ಟೂಲ್ ಹುಡುಕುವಾಗ ಟೆಸ್ಟಿಂಗ್ ವೀಕ್ಲಿ ಓದಿ. ಉಳಿದ ವಾರಗಳಲ್ಲಿ ಗೂಗಲ್‌ನ ಒಂದು ಪುಟ ಅಥವಾ ಫೌಲರ್ ಅವರ ಒಂದು ಹಳೆಯ ಬರಹ ಓದಿ. ಟೂಲ್‌ಗಳ ಬಗ್ಗೆ ಬರೆದದ್ದು ಬೇಗ ಹಳೆಯದಾಗುತ್ತದೆ. ಬಗ್ ಎಲ್ಲಿ ಅವಿತುಕೊಳ್ಳುತ್ತದೆ ಅಂತ ಬರೆದದ್ದು ಅಷ್ಟು ಬೇಗ ಹಳೆಯದಾಗುವುದಿಲ್ಲ.

ಗೂಗಲ್‌ನವರ ಎಲ್ಲ ಮಾತನ್ನೂ ಹಾಗೇ ನುಂಗಬೇಕು ಅಂತಲ್ಲ. 2015ರ ಒಂದು ಬರಹದಲ್ಲಿ ಟೆಸ್ಟ್‌ಗಳಲ್ಲಿ ಶೇ. 70 ಯುನಿಟ್, 20 ಇಂಟಿಗ್ರೇಷನ್, 10 ಎಂಡ್ ಟು ಎಂಡ್ ಇರಲಿ ಅನ್ನೋ ಸಲಹೆ ಇದೆ. ಮೊದಲ ಅಂದಾಜಿಗೆ ಇದು ಅಂತ ಅವರೇ ಹೇಳುತ್ತಾರೆ. ಯುನಿಟ್ ಅಂದರೆ ಕೋಡ್‌ನ ಒಂದು ಚಿಕ್ಕ ತುಣುಕನ್ನು ನೋಡುವುದು, ಇಂಟಿಗ್ರೇಷನ್ ಅಂದರೆ ತುಣುಕುಗಳು ಸೇರಿ ಕೆಲಸ ಮಾಡುತ್ತವಾ ಅಂತ ನೋಡುವುದು, ಎಂಡ್ ಟು ಎಂಡ್ ಅಂದರೆ ಇಡೀ ಸಾಫ್ಟ್‌ವೇರ್ ಅನ್ನು ಬಳಸುವವರ ಹಾಗೆ ನೋಡುವುದು. ಗೆಳೆಯನ ಟೀಮಿನ ಕೆಲಸವೆಲ್ಲ ನಾಲ್ಕು ಬೇರೆ ಬೇರೆ ಸರ್ವಿಸ್‌ಗಳನ್ನು ಜೋಡಿಸುವುದು. ಅಲ್ಲಿ ಇಂಟಿಗ್ರೇಷನ್ ಟೆಸ್ಟ್ 20ಕ್ಕೆ ನಿಲ್ಲಿಸಿದರೆ ಏನೂ ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ. ಅವನು ಆ ಲೆಕ್ಕ ಪಾಲಿಸುತ್ತಿಲ್ಲ, ಸರಿಯಾಗಿಯೇ ಮಾಡಿದ್ದಾನೆ.

ಇನ್ನೊಂದು ದಾರಿಯನ್ನೂ ನೋಡಿದೆವು. ನ್ಯೂಸ್‌ಲೆಟರ್ ಎಲ್ಲ ಬಿಟ್ಟು ಒಂದು ಸಂಶೋಧನಾ ಪೇಪರ್ ಹಿಡಿಯುವುದು. ವಾರಕ್ಕೊಂದು ನಮ್ಮಿಂದ ಆಗಲಿಲ್ಲ, ಅಷ್ಟು ಬೇಗ ಓದಿ ಮುಗಿಯುವ ಸರಕಲ್ಲ ಅದು. ಆದರೆ 2014ರಲ್ಲಿ ಓಎಸ್‌ಡಿಐ ಎಂಬ ಕಂಪ್ಯೂಟರ್ ಸಿಸ್ಟಮ್‌ಗಳ ಸಮ್ಮೇಳನದಲ್ಲಿ ಬಂದ ಒಂದು ಪೇಪರ್ ಅನ್ನು ಯಾರೂ ತಪ್ಪಿಸಿಕೊಳ್ಳಬಾರದು. ಟೊರಾಂಟೊ ವಿಶ್ವವಿದ್ಯಾಲಯದವರದ್ದು. ಕಸಾಂಡ್ರ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್, ರೆಡಿಸ್, ಡೇಟಾ ಇಡಲು ಮತ್ತು ಸಂಸ್ಕರಿಸಲು ಬಳಸುವ ಇವು ನಿಜವಾಗಿ ಕೈಕೊಟ್ಟ 198 ಪ್ರಸಂಗಗಳನ್ನು ಎತ್ತಿಕೊಂಡು ಒಂದೊಂದನ್ನೂ ಬಿಡಿಸಿ ನೋಡಿದ್ದಾರೆ. ಇಡೀ ಸಿಸ್ಟಮ್ ಬೀಳಿಸಿದ ದೊಡ್ಡ ಅನಾಹುತಗಳಲ್ಲಿ ಶೇ. 92ಕ್ಕೆ ಕಾರಣ ಎರರ್ ಬಂದಾಗ ಅದನ್ನು ಸರಿಯಾಗಿ ನಿಭಾಯಿಸದೇ ಇದ್ದದ್ದು. ಎರರ್ ಬಂದಿದೆ ಅಂತ ಸಾಫ್ಟ್‌ವೇರ್ ಬಾಯಿಬಿಟ್ಟು ಹೇಳಿತ್ತು. ಕೇಳಿಸಿಕೊಳ್ಳುವ ಜಾಗದಲ್ಲಿ ಎಷ್ಟೋ ಕಡೆ ಎರರ್ ಹಿಡಿಯುವ ಕ್ಯಾಚ್ ಬ್ಲಾಕ್ ಖಾಲಿ ಇತ್ತು, ಇನ್ನು ಕೆಲವೆಡೆ ಆಮೇಲೆ ಮಾಡೋಣ ಅನ್ನೋ ಅರ್ಥದಲ್ಲಿ ಬರೀ ಟುಡೂ ಅಂತ ಬರೆದಿತ್ತು. ಅಷ್ಟೂ ಪ್ರಸಂಗಗಳಲ್ಲಿ ಶೇ. 77ನ್ನು ಒಂದು ಯುನಿಟ್ ಟೆಸ್ಟ್‌ನಲ್ಲೇ ಮತ್ತೆ ಮಾಡಿ ತೋರಿಸಬಹುದಿತ್ತು. ಗೆಳೆಯ ಅವತ್ತೇ ತನ್ನ ಲ್ಯಾಪ್‌ಟಾಪ್ ತೆಗೆದು ಖಾಲಿ ಕ್ಯಾಚ್ ಬ್ಲಾಕ್‌ಗಳನ್ನು ಹುಡುಕಲು ಕೂತ. ನಾವು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅವನ ಮುಂದೆ ಒಂದು ಉದ್ದ ಪಟ್ಟಿ ಇತ್ತು.

ಓದುವ ಜಾಗದ ಮೇಲೂ ಆಯ್ಕೆ ನಿಂತಿದೆ. ಹಿಂಜವಡಿಯಿಂದ ಕಂಪನಿ ಬಸ್ಸಿನಲ್ಲಿ ಬರುವವರಿಗೆ ಭೂಮ್ಕರ್ ಚೌಕದ ಟ್ರಾಫಿಕ್ ಗೊತ್ತೇ ಇದೆ. ಅಲ್ಲಿ ಫೋನಿನಲ್ಲಿ ಓದಲು ಲೀಡ್ ವೀಕ್ಲಿಯ ಲೇಖನಗಳು ಸರಿಹೋಗುತ್ತವೆ. ಕೋಡ್ ಇರುವ ಬರಹ ಫೋನಿನಲ್ಲಿ ಬೇಡ, ಸಾಲುಗಳು ಮುರಿದು ತಲೆಕೆಡುತ್ತದೆ. ಗೂಗಲ್‌ನ ಪುಟಗಳನ್ನು ಪ್ರಿಂಟ್ ತೆಗೆಯಿರಿ. ಪ್ರಾಗ್ಮ್ಯಾಟಿಕ್ ಎಂಜಿನಿಯರ್‌ಗೆ ಲ್ಯಾಪ್‌ಟಾಪ್, ಅರ್ಧ ಗಂಟೆ, ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ.

ಈಗ ನಾವು ಹೀಗೆ ನಡೆಸುತ್ತಿದ್ದೇವೆ. ನನಗೆ ಲೀಡ್ ವೀಕ್ಲಿ. ಅವಳಿಗೆ ಟೆಸ್ಟಿಂಗ್ ವೀಕ್ಲಿ, ಅದರಲ್ಲಿ ಒಳ್ಳೆಯದು ಕಂಡರೆ ನಮಗೂ ಕಳಿಸುತ್ತಾಳೆ. ಅವನಿಗೆ ಹ್ಯಾಕರ್ ನ್ಯೂಸ್‌ಲೆಟರ್. ಪ್ರಾಗ್ಮ್ಯಾಟಿಕ್ ಎಂಜಿನಿಯರ್ ನನಗೆ ಆಫೀಸಿನಿಂದ ಸಿಕ್ಕಿದೆ. ಮೂವರೂ ಸೇರಿ ಓದುವುದು ಮಾತ್ರ ವಾರಕ್ಕೆ ಒಂದೇ ಬರಹ, ಅದೂ ಹೆಚ್ಚಾಗಿ ಹಳೆಯದು.

ಈಗಷ್ಟೇ ಕೆಲಸಕ್ಕೆ ಸೇರಿ ಪುಣೆಗೆ ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಯಾವುದರಿಂದ ಶುರುಮಾಡಲಿ ಅಂತ ಕೇಳುತ್ತಾರೆ. ಅವರಿಗೆ ಲೀಡರ್‌ಶಿಪ್ ಓದು ಈಗಲೇ ಬೇಡ. ಗೂಗಲ್‌ನ ಒಂದು ಪುಟದ ಬರಹಗಳಿಂದ ಶುರುಮಾಡಿ, ವಾರಕ್ಕೊಂದು ಸಾಕು. ಓದಿದ ಮೇಲೆ ನಿಮ್ಮದೇ ಕೋಡ್‌ನಲ್ಲಿ ಅಂಥ ತಪ್ಪು ಇದೆಯಾ ಅಂತ ಹುಡುಕಿ. ಬೆಂಗಳೂರಿನಲ್ಲಿ 2009ರಲ್ಲಿ ಕೆಲವು ಟೆಸ್ಟರ್‌ಗಳು ವಾರಾಂತ್ಯಕ್ಕೆ ಸೇರಿ ಒಂದು ಸಾಫ್ಟ್‌ವೇರ್ ಹಿಡಿದು ಟೆಸ್ಟ್ ಮಾಡಿ ಕಲಿಯುವ ಪದ್ಧತಿ ಶುರುಮಾಡಿದ್ದರು. ವೀಕೆಂಡ್ ಟೆಸ್ಟಿಂಗ್ ಅಂತ ಅದರ ಹೆಸರು, ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ಇಬ್ಬರು ಮೂವರು ಸಿಕ್ಕರೆ ನೀವೂ ಹಾಗೆ ಕೂತುಕೊಳ್ಳಿ. ಕೋಥ್ರೂಡ್ ಕಡೆ ಇರುವವರು ಶನಿವಾರ ಬೆಳಿಗ್ಗೆ ನಮ್ಮ ಜೊತೆಗೇ ಬಂದು ಕೂತರೂ ಆಯಿತು. ಬರುವಾಗ ನಿಮ್ಮ ಟೀಮಿನ ಒಂದು ಫ್ಲೇಕಿ ಟೆಸ್ಟ್‌ನ ಕತೆ ತನ್ನಿ.